ಹೊಳೆ ಕಾಣದ ಊರಿಗೆ ದೋಣಿಯ ಹೆಸರು

ಎಲ್ಲರಿಗೂ ನಮಸ್ಕಾರ.

ಮೊದಲು ಹೆಸರಿನ ವಿಷಯ ಮುಗಿಸಿಬಿಡೋಣ. ಪೋಲೆಂಡಿನ ನಕ್ಷೆಯಲ್ಲಿ ಹೆಚ್ಚುಕಡಿಮೆ ನಟ್ಟನಡುವೆ ಒಂದು ಊರಿದೆ. ಅಕ್ಷರ ನೋಡಿ ಓದಿದರೆ ‘ಲೋಡ್ಜ್’ ಅನ್ನುತ್ತೇವೆ. ಅಲ್ಲಿನವರು ಅನ್ನುವುದು ‘ವೂಚ್’. ಅರ್ಥ ದೋಣಿ. ಊರಿನ ಲಾಂಛನದಲ್ಲೂ ಒಂದು ದೋಣಿ, ಒಂದು ಹುಟ್ಟು. ಆದರೆ ಊರ ನಡುವೆ ನಿಂತು ಹೊಳೆ ಎಲ್ಲಿ ಅಂತ ಹುಡುಕಿದರೆ ಸಿಗುವುದಿಲ್ಲ. ಹೊಳೆ ಇದೆ, ರಸ್ತೆಯ ಕೆಳಗೆ, ಕೊಳವೆಯೊಳಗೆ. ಅದನ್ನು ಅಲ್ಲಿಗೆ ಇಳಿಸಿದ್ದು ಬಟ್ಟೆ. ಊರಿಗೆ ಜನರನ್ನು ತಂದದ್ದೂ ಬಟ್ಟೆ, ಕೊನೆಗೆ ಕಳಿಸಿದ್ದೂ ಅದೇ.

1820ರಲ್ಲಿ ಈ ಊರಿನ ಜನಸಂಖ್ಯೆ 767. ಲಕ್ಷವೂ ಅಲ್ಲ, ಸಾವಿರವೂ ಅಲ್ಲ, ಬರೀ 767! ಯಾಗಿಯೆವೊ ದೊರೆ 1423ರಲ್ಲೇ ಇದಕ್ಕೆ ಪಟ್ಟಣದ ಹಕ್ಕು ಕೊಟ್ಟಿದ್ದ. ನಾನೂರು ವರ್ಷ ಕಳೆದರೂ ಊರು ಹಳ್ಳಿಯಾಗಿಯೇ ಇತ್ತು. ಆಗ ಇದು ರಷ್ಯಾದ ಜಾರ್ ಕೈಕೆಳಗಿನ ಪೋಲೆಂಡ್ ರಾಜ್ಯ. 1820ರಲ್ಲೇ ರೆಂಬೆಲಿನ್‌ಸ್ಕಿ ಎಂಬ ಅಧಿಕಾರಿ ಈ ಕಡೆ ಪ್ರವಾಸ ಬಂದ. ಅವನ ಕಣ್ಣಿಗೆ ಬಿದ್ದದ್ದು ಮೂರು: ಇಳಿಜಾರಿನಲ್ಲಿ ಹರಿಯುವ ತೊರೆಗಳು, ಕಾಡು, ಸುಮ್ನೆ ಬಿದ್ದಿದ್ದ ಸರ್ಕಾರಿ ಜಮೀನು. ಬಟ್ಟೆ ತೊಳೆಯಲು ನೀರು, ಮನೆ ಕಟ್ಟಲು ಮರ. ಇನ್ನು ಬೇಕಾಗಿದ್ದದ್ದು ನೇಕಾರರು ಮಾತ್ರ.

ಅವರನ್ನು ಕರೆಸಿಕೊಂಡ ರೀತಿ ಸ್ವಾರಸ್ಯವಾಗಿದೆ. 1821ರಲ್ಲಿ ಪಕ್ಕದ ಜ್ಗಿಯೆಷ್ ಊರಿನಲ್ಲಿ ಒಂದು ಕರಾರು ಆಯಿತು. ನೇಕಾರ ಬಂದು ನೆಲೆಸಿದರೆ ನಿವೇಶನ, ಸರ್ಕಾರಿ ಕಾಡಿನ ಮರ, ಕೆಲವು ವರ್ಷ ತೆರಿಗೆ ಮಾಫಿ. ಸಿಲೇಸಿಯಾ, ಸ್ಯಾಕ್ಸನಿ, ಬೊಹೀಮಿಯಾ ಕಡೆಯ ಜರ್ಮನ್ ನೇಕಾರರು ಮಗ್ಗ ಹೇರಿಕೊಂಡು ಬಂದರು. ಜ್ಗಿಯೆಷ್, ಪಾಬ್ಯಾನಿತ್ಸೆ, ಒಜೊರ್ಕೂಫ್, ಹೀಗೆ ಸುತ್ತಲಿನ ಇಡೀ ಸೀಮೆಗೇ ಮಗ್ಗದ ಸದ್ದು ಬಂತು. ಮೊದಮೊದಲು ಜ್ಗಿಯೆಷೇ ದೊಡ್ಡದು, ವೂಚ್ ಚಿಕ್ಕ ತಮ್ಮ.

ಆ ನಿವೇಶನಗಳನ್ನು ಸ್ವಲ್ಪ ಹತ್ತಿರದಿಂದ ನೋಡಿ. ಬೀದಿಯ ಕಡೆ ಅಗಲ ಕಡಿಮೆ, ಹಿಂದಕ್ಕೆ ಉದ್ದ ಜಾಸ್ತಿ. ಮುಂದೆ ಒಂದಂತಸ್ತಿನ ಮರದ ಮನೆ, ಒಳಗೆ ಮಗ್ಗ, ಹಿತ್ತಲಲ್ಲಿ ತೋಟ. ಕಾಲ ಕಳೆದಂತೆ ಮರದ ಮನೆ ಹೋಗಿ ಇಟ್ಟಿಗೆಯ ಮಹಡಿ ಬಂತು, ನಿವೇಶನದ ಉದ್ದ ಪಟ್ಟಿಯ ಆಕಾರ ಮಾತ್ರ ಹಾಗೇ ಉಳಿಯಿತು. ಅದಕ್ಕೇ ಇವತ್ತು ನಾಲ್ಕು ಕಿಲೋಮೀಟರ್ ಉದ್ದದ ಪ್ಯೊತ್ರ್‌ಕೊವ್‌ಸ್ಕಾ ಬೀದಿಯಲ್ಲಿ ಯಾವುದೋ ಕಮಾನು ಬಾಗಿಲು ಹೊಕ್ಕರೆ ಒಂದು ಅಂಗಳ, ಅದರ ಹಿಂದೆ ಇನ್ನೊಂದು ಅಂಗಳ, ಅದರಾಚೆ ಮತ್ತೊಂದು. ಬೀದಿಗೆ ಕಾಣುವ ಮುಖದಲ್ಲಿ ಗಾರೆಯ ಹೂಬಳ್ಳಿ, ಒಳಗೆ ಬಡವರ ಬಿಡಾರ.

1839ರಲ್ಲಿ ಗೇಯರ್ ಎಂಬುವನ ಗಿರಣಿಗೆ ಉಗಿಯಂತ್ರ ಬಂತು. 1851ರಲ್ಲಿ ರಷ್ಯಾದ ಗಡಿಯ ಸುಂಕ ಹೋಯಿತು. ಅಷ್ಟೇ ಸಾಕಾಯಿತು, ಇಡೀ ರಷ್ಯಾ ಸಂತೆಯಾಯಿತು. ಶೈಬ್ಲರ್ ಎಂಬ ಗಿರಣಿ ಮಾಲೀಕ ಅಮೆರಿಕದ ಅಂತರ್ಯುದ್ಧದ ಹೊತ್ತಿಗೆ ಹತ್ತಿ ಕೂಡಿಟ್ಟುಕೊಂಡಿದ್ದು ಕೈತುಂಬ ದುಡ್ಡು ಮಾಡಿದ. ಅದೇ ಯುದ್ಧದಲ್ಲಿ ನಮ್ಮ ಧಾರವಾಡದ ಹತ್ತಿಗೂ ಬೆಲೆ ಏರಿತ್ತು, ಅಲ್ವಾ? ಪೊಜ್ನಾನ್‌ಸ್ಕಿ ಎಂಬ ಯಹೂದಿ ಮಾಲೀಕನನ್ನು ‘ಅರಮನೆ ಯಾವ ಶೈಲಿಯಲ್ಲಿ ಕಟ್ಟಲಿ’ ಅಂತ ಕೇಳಿದಾಗ, ‘ನನಗೆ ಎಲ್ಲ ಶೈಲಿಗಳಿಗೂ ದುಡ್ಡಿದೆ’ ಅಂದನಂತೆ. ಇದು ಕಟ್ಟುಕಥೆಯೇ ಇರಬೇಕು. ಆದರೆ ಅರಮನೆ ನೋಡಿದವರು ನಂಬಿಬಿಡುತ್ತಾರೆ.

1897ರ ಜನಗಣತಿಯಲ್ಲಿ ಜನ 3,14,000. ಮನೆಮಾತು ಪೋಲಿಷ್ ಆಗಿದ್ದವರು ಅರ್ಧಕ್ಕಿಂತ ಕಡಿಮೆ. ಉಳಿದವರಲ್ಲಿ ಬಹುಪಾಲು ಯಹೂದಿಗಳ ಮಾತಾದ ಯಿಡ್ಡಿಷ್ ಮತ್ತು ಜರ್ಮನ್ ಆಡುವವರು. ಇಷ್ಟು ಜನಕ್ಕೆ ಒಳಚರಂಡಿ ಇರಲಿಲ್ಲ! ಅದರ ಕೆಲಸ ಶುರುವಾದದ್ದೇ 1925ರಲ್ಲಿ. ಗಿರಣಿಯ ಬಣ್ಣದ ನೀರು, ಮನೆಗಳ ಕೊಳಕು ಎಲ್ಲ ತೊರೆಗೆ. ಕೊನೆಗೆ ನಾತ ತಡೆಯಲಾಗದೆ ತೊರೆಗಳನ್ನೇ ಮುಚ್ಚಿದರು. ಊರನ್ನು ಹುಟ್ಟಿಸಿದ ನೀರಿಗೆ ಬಂದ ಗತಿ ಇದು.

1939ರಲ್ಲಿ ಸುಮಾರು 6,70,000 ಜನ. ಮೂವರಲ್ಲಿ ಒಬ್ಬರು ಯಹೂದಿ. ಹಿಟ್ಲರನ ಸೈನ್ಯ ಬಂದು ಊರಿನ ಹೆಸರನ್ನೇ ಲಿಟ್ಸ್‌ಮನ್‌ಷ್ಟಾಟ್ ಅಂತ ಬದಲಿಸಿತು. 1940ರ ಮೇ ಹೊತ್ತಿಗೆ ಸುಮಾರು 1,60,000 ಯಹೂದಿಗಳನ್ನು ಊರಿನ ಉತ್ತರದ ಹಳೇ ಕೇರಿಯಲ್ಲಿ ಬೇಲಿ ಹಾಕಿ ಕೂಡಿದರು. ಅಲ್ಲೂ ಬಟ್ಟೆ ಬಿಡಲಿಲ್ಲ. ಕೇರಿಯ ಯಹೂದಿ ಮುಖ್ಯಸ್ಥ ರುಮ್ಕೊವ್‌ಸ್ಕಿ, ಕೆಲಸ ಮಾಡುತ್ತಿದ್ದರೆ ಬದುಕಿಕೊಳ್ಳುತ್ತೇವೆ ಅಂತ ನಂಬಿದ್ದ. ಜನ ಹಸಿದುಕೊಂಡೇ ಜರ್ಮನ್ ಸೈನಿಕರಿಗೆ ಸಮವಸ್ತ್ರ ಹೊಲಿದರು. 1942ರ ಸೆಪ್ಟೆಂಬರಿನಲ್ಲಿ ಜರ್ಮನ್ನರು, ಕೆಲಸಕ್ಕೆ ಬಾರದವರನ್ನು ಸಾವಿಗೆ ಸಾಗಿಸಲು ಒಪ್ಪಿಸಿ ಅಂತ ಕೇಳಿದರು. ಹತ್ತು ವರ್ಷದೊಳಗಿನ ಮಕ್ಕಳು, ಮುದುಕರು, ರೋಗಿಗಳು. ರುಮ್ಕೊವ್‌ಸ್ಕಿ ಜನರ ಮುಂದೆ ನಿಂತು, ನಿಮ್ಮ ಮಕ್ಕಳನ್ನು ಕೊಡಿ ಅಂತ ಬೇಡಿದ. ಅವನನ್ನು ದ್ರೋಹಿ ಅನ್ನಬೇಕೋ, ಅಸಹಾಯಕ ಅನ್ನಬೇಕೋ, ಇವತ್ತಿಗೂ ವಾದ ಮುಗಿದಿಲ್ಲ. ನನ್ನಿಂದಲೂ ತೀರ್ಮಾನ ಆಗಿಲ್ಲ. 1944ರ ಆಗಸ್ಟಿನಲ್ಲಿ ಉಳಿದವರನ್ನೂ ನಾಜಿಗಳ ಸಾವಿನ ಶಿಬಿರವಾದ ಆಶ್‌ವಿಟ್ಜ್‌ಗೆ ಸಾಗಿಸಿದರು. ರುಮ್ಕೊವ್‌ಸ್ಕಿಯೂ ಹೋದ. ರಷ್ಯನ್ ಸೈನ್ಯ ಬಂದಾಗ ಆ ಕೇರಿಯಲ್ಲಿ ಉಳಿದಿದ್ದವರು ಸಾವಿರಕ್ಕೂ ಕಡಿಮೆ. ಹೆನ್ರಿಕ್ ರಾಸ್ ಎಂಬ ಫೋಟೋಗ್ರಾಫರ್ ಅವರಲ್ಲಿ ಒಬ್ಬ. ಕದ್ದು ತೆಗೆದ ನೆಗೆಟಿವ್‌ಗಳನ್ನು ಮಣ್ಣಲ್ಲಿ ಹೂತಿಟ್ಟಿದ್ದ, ಆಮೇಲೆ ಅಗೆದು ತೆಗೆದ.

ಯುದ್ಧ ಮುಗಿದ ಮೇಲೆ ಜರ್ಮನ್ನರೂ ಇಲ್ಲ. ಪೋಲಿಷ್, ಯಿಡ್ಡಿಷ್, ಜರ್ಮನ್, ರಷ್ಯನ್ ಅಂತ ನಾಲ್ಕು ಮಾತು ಕೇಳಿದ್ದ ಊರು ಒಂದೇ ಮಾತಿನದಾಯಿತು. ವಾರ್ಸಾ ಮಣ್ಣುಪಾಲಾಗಿತ್ತು, ಇಲ್ಲಿ ಕಟ್ಟಡಗಳು ಉಳಿದಿದ್ದವು. ಹಾಗಾಗಿ ವಿಶ್ವವಿದ್ಯಾಲಯ ಬಂತು, ಸಿನಿಮಾ ಶಾಲೆಯೂ ಬಂತು. ಗಿರಣಿಗಳು ಸರ್ಕಾರದ ಕೈಗೆ ಹೋಗಿ ಮತ್ತೆ ತಿರುಗಿದವು, ಈ ಸಲ ಹೆಚ್ಚಾಗಿ ಹೆಂಗಸರ ಕೈಯಲ್ಲಿ. ಅಂಗಡಿಯಲ್ಲಿ ಏನೂ ಸಿಗದಿದ್ದಾಗ, 1981ರಲ್ಲಿ, ಅದೇ ಹೆಂಗಸರು ಮಕ್ಕಳನ್ನು ಕರೆದುಕೊಂಡು ಪ್ಯೊತ್ರ್‌ಕೊವ್‌ಸ್ಕಾ ಬೀದಿಗೆ ಇಳಿದರು. 1980ರ ದಶಕದ ಕೊನೆಗೆ ಜನಸಂಖ್ಯೆ ಎಂಟೂವರೆ ಲಕ್ಷ. ಅದೇ ಕೊನೆಯ ಏರು. ಸೋವಿಯತ್ ಮಾರುಕಟ್ಟೆ ಬಿದ್ದದ್ದೇ ತಡ, ಗಿರಣಿಗಳು ಒಂದೊಂದಾಗಿ ಬಾಗಿಲು ಹಾಕಿದವು. ಈಗ ಜನ ಸುಮಾರು ಆರೂವರೆ ಲಕ್ಷ.

ಪೊಜ್ನಾನ್‌ಸ್ಕಿಯ ಗಿರಣಿ 2006ರಿಂದ ದೊಡ್ಡ ಮಾಲ್. ಅದೇ ಕೆಂಪು ಇಟ್ಟಿಗೆ, ಒಳಗೆ ರೆಡಿಮೇಡ್ ಬಟ್ಟೆ ಅಂಗಡಿಗಳು. ಬೀದಿಯಾಚೆ ಅವನ ಕೂಲಿಗಾರರಿಗೆ ಕಟ್ಟಿದ ವಠಾರ ಇನ್ನೂ ಇದೆ. ಹೋದರೆ ಪ್ಯೊತ್ರ್‌ಕೊವ್‌ಸ್ಕಾದ ಬೆಂಚಿನ ಮೇಲೆ ಕೂತಿರುವ ಕಂಚಿನ ಯೂಲಿಯನ್ ತೂವಿಮ್‌ನನ್ನೂ ನೋಡಿ ಬನ್ನಿ. ಈ ಊರಲ್ಲೇ ಹುಟ್ಟಿದ ಯಹೂದಿ ಮನೆತನದ ಪೋಲಿಷ್ ಕವಿ. ಒಳ್ಳೆಯದಾಗಲಿ ಅಂತ ಜನ ಅವನ ಮೂಗು ಉಜ್ಜುತ್ತಾರೆ. ಮೈಯೆಲ್ಲ ಕಪ್ಪು, ಮೂಗು ಮಾತ್ರ ಫಳಫಳ.

ನನ್ನ ಮಾತು ಇಷ್ಟೇ. ಪ್ರಶ್ನೆಗಳಿದ್ದರೆ ಕೇಳಿ.