ಕಡಲು ಇಲ್ಲಿಂದ ಶುರು

ಕೇಳುಗರಿಗೆಲ್ಲ ನಮಸ್ಕಾರ. ನಾನು ಬೋರ್ಡು, ಪೋಸ್ಟರ್ ವಿನ್ಯಾಸ ಮಾಡುವವನು. ಮನೆ ಕೊಡಗಿನ ಬಿರುನಾಣಿ ಕಡೆ, ಸ್ವಲ್ಪ ಕಾಫಿ ತೋಟವೂ ಇದೆ. ಗುಡ್ಡದ ಮೇಲೆ ಕೂತು ಇವನೇನು ಕಡಲಿನ ಮಾತಾಡ್ತಾನೆ ಅನ್ನಿಸಬಹುದು, ಅಲ್ವಾ?

ಸ್ಪೇನ್ ಕರಾವಳಿಯಲ್ಲಿ ಮಾರ್ ಮೆನೋರ್ ಎಂಬ ಲಗೂನ್ ಇದೆ. ಕಡಲಿಗೆ ಮರಳಿನ ದಿಬ್ಬ ಅಡ್ಡ ನಿಂತು, ಒಳಗೆ ಉಳಿದ ಉಪ್ಪುನೀರು. ಹರವು ಸುಮಾರು 135 ಚದರ ಕಿಲೋಮೀಟರ್. ಬಾಯಿ ಕಿರಿದು, ಒಳಗೆ ಬಂದದ್ದು ಬೇಗ ಹೊರಗೆ ಹೋಗುವುದಿಲ್ಲ. ಸುತ್ತಲಿನ ತರಕಾರಿ ಹೊಲಗಳ ಗೊಬ್ಬರ ವರ್ಷಗಟ್ಟಲೆ ಅಲ್ಲಿಗೇ ಇಳಿಯಿತು. ಅದನ್ನು ತಿಂದು ಪಾಚಿ ಹೆಚ್ಚಿತು. 2016ರಲ್ಲಿ ನೀರು ಹಸಿರು ಗಂಜಿಯಂತಾಯಿತು. ಬೆಳಕಿಲ್ಲದೆ ತಳದ ಹುಲ್ಲು ಸತ್ತಿತು. 2019ರ ಅಕ್ಟೋಬರಿನಲ್ಲಂತೂ ಮೀನು, ಏಡಿ, ಸೀಗಡಿಗಳು ಉಸಿರು ಸಿಗದೆ ದಡಕ್ಕೆ ಬಂದು ರಾಶಿ ಬಿದ್ದವು. ಆ ದೃಶ್ಯ ಕಂಡ ಜನ ಸುಮ್ನೆ ಕೂರಲಿಲ್ಲ. 6 ಲಕ್ಷಕ್ಕೂ ಜಾಸ್ತಿ ಸಹಿ ಸೇರಿತು. 2022ರಲ್ಲಿ ಅಲ್ಲಿನ ಸಂಸತ್ತು ಆ ಲಗೂನನ್ನು ಕಾನೂನಿನ ಮುಂದೆ ಒಬ್ಬ ವ್ಯಕ್ತಿ ಎಂದೇ ಒಪ್ಪಿತು.

ಇದನ್ನೆಲ್ಲ ಓದಿ ನಾನೂ ಒಂದು ಪೋಸ್ಟರ್ ಮಾಡಿದೆ. ಕಣ್ಣೀರಿಡುವ ಮೀನು, ಕೆಳಗೆ 'ಕಡಲು ಉಳಿಸಿ'. ಗೋಣಿಕೊಪ್ಪದ ಸಂತೆಯಲ್ಲಿ ಅಂಟಿಸಿದೆ. ಜನ ಅದನ್ನು ನೋಡಿದರು, ಪಕ್ಕದಲ್ಲೇ ಮೀನು ಕೊಂಡು ಹೋದರು. ತಪ್ಪು ಅವರದ್ದಲ್ಲ. ಏನು ಮಾಡಬೇಕು ಅಂತ ನನ್ನ ಮೀನು ಹೇಳಲೇ ಇಲ್ಲವಲ್ಲ!

ಫ್ರಾನ್ಸಿನ ಊರುಗಳಲ್ಲಿ ಚರಂಡಿ ಬಾಯಿಯ ಪಕ್ಕ ಒಂದು ಸಾಲು ಬರೆಯುತ್ತಾರೆ: 'ಕಡಲು ಇಲ್ಲಿಂದ ಶುರು'. ಅಷ್ಟೇ. ಕಸ ಎಸೆಯಲು ಕೈ ಎತ್ತಿದವನ ಕಣ್ಣಿಗೇ ಬೀಳುತ್ತದೆ. ನನ್ನ ಪ್ರಕಾರ ವಿನ್ಯಾಸ ಎಂದರೆ ಚಂದದ ಚಿತ್ರಕ್ಕಿಂತ ಜಾಸ್ತಿ, ಅದನ್ನು ಎಲ್ಲಿ ಇಡುತ್ತೀರಿ ಅನ್ನುವುದು.

ಕೊಡಗಿನ ನೀರೆಲ್ಲ ಕಾವೇರಿಗೆ ಎಂದು ನಾವು ಹೇಳಿಕೊಳ್ಳುತ್ತೇವೆ. ಆದರೆ ಪಯಸ್ವಿನಿ ಹೊಳೆ ಕಾಸರಗೋಡಿಗೆ ಇಳಿಯುತ್ತದೆ. ನಮ್ಮ ಕಡೆಯ ಬರಪೊಳೆ ಕೇರಳದಲ್ಲಿ ವಳಪಟ್ಟಣಂ ಹೊಳೆಯಾಗಿ, ಕಣ್ಣೂರಿನ ಹತ್ತಿರ ಕಡಲು ಸೇರುತ್ತದೆ. ಅಲ್ಲಿ ಅಳಿವೆ, ಉಪ್ಪುನೀರಲ್ಲಿ ಬೆಳೆಯುವ ಕಾಂಡ್ಲಾ ಗಿಡಗಳು, ಮೀನು ಮರಿಗಳು. ಇಲ್ಲಿ ನನ್ನ ಪಲ್ಪರ್, ಅಂದರೆ ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಯಂತ್ರ. ಅದರಿಂದ ಬರುವ ಹುಳಿ ನೀರನ್ನು ತೋಡಿಗೆ ಬಿಟ್ಟರೆ, ಅದು ಕೊಳೆಯುತ್ತಾ ನೀರಿನ ಆಮ್ಲಜನಕವನ್ನೇ ನುಂಗುತ್ತದೆ. ಒಂದೆರಡು ಸಲ ನಾನೂ ಬಿಟ್ಟಿದ್ದೇನೆ, ಸುಳ್ಳು ಯಾಕೆ ಹೇಳಲಿ. ಈಗ ಗುಂಡಿ ತೋಡಿಸಿದ್ದೇನೆ.

ಹೋದ ಕೊಯ್ಲಿನ ಹೊತ್ತಿಗೆ ಪಲ್ಪರ್ ಪಕ್ಕದ ಗೋಡೆಗೆ ಸುಣ್ಣದಲ್ಲಿ ಅದೇ ಸಾಲು ಬರೆದೆ. ಕೆಲಸಕ್ಕೆ ಬರುವ ಅಕ್ಕ ಓದಿ ಕೇಳಿದರು, "ಕಡಲು ಮುಟ್ಟೋಕೆ ಎಷ್ಟು ದಿನ ಬೇಕಣ್ಣ?" ನನಗೆ ಗೊತ್ತಿರಲಿಲ್ಲ. ಆಮೇಲೆ ಕಾಫಿ ಹೂ ಅರಳಿಸುವ ಹೂಮಳೆ ಬಂತು. ಸುಣ್ಣವೆಲ್ಲ ತೊಳೆದು ಅದೇ ತೋಡಿಗೆ ಇಳಿಯಿತು. ಈ ಸಲ ಕಲ್ಲಲ್ಲೇ ಕೆತ್ತಿಸುತ್ತಿದ್ದೇನೆ.

ನಮಸ್ಕಾರ.