ತೆರೆಯ ಮೇಲಿನ ಜಾದೂ, ವೇದಿಕೆಯ ಮೇಲಿನ ಜಾದೂ

ಕೇಳುಗರೇ, ನಮಸ್ಕಾರ.

ಸಿನಿಮಾದಲ್ಲಿ ಜಾದೂಗಾರ ಒಬ್ಬ ಹೆಂಗಸನ್ನು ಮಾಯ ಮಾಡಿದ ಅಂದ್ಕೊಳ್ಳಿ. 'ಅಯ್ಯೋ, ಕ್ಯಾಮೆರಾದಲ್ಲಿ ಏನು ಬೇಕಾದರೂ ಮಾಡಬಹುದು' ಎಂದು ಸುಮ್ನೆ ತಳ್ಳಿಹಾಕುತ್ತೇವೆ, ಅಲ್ವಾ? ಆದರೆ ಅಂಥ ಎಷ್ಟೋ ಜಾದೂಗಳು ಸಿನಿಮಾ ಕ್ಯಾಮೆರಾ ಹುಟ್ಟುವ ಮೊದಲೇ ಜನರ ಕಣ್ಣೆದುರು ನಡೆದಿವೆ.

1886ರಲ್ಲಿ ಪ್ಯಾರಿಸ್ಸಿನಲ್ಲಿ ಬುವಾಟಿಯೆ ದ ಕೋಲ್ಟಾ ಎಂಬ ಜಾದೂಗಾರ ನೆಲದ ಮೇಲೆ ಒಂದು ಪೇಪರ್ ಹಾಸಿದ. ಕೆಳಗೆ ಗುಪ್ತ ಬಾಗಿಲು ಇಲ್ಲ ಎಂದು ಜನ ನಂಬಲಿ ಅಂತ. ಅದರ ಮೇಲೆ ಕುರ್ಚಿ ಇಟ್ಟು, ಒಬ್ಬಳನ್ನು ಕೂರಿಸಿ, ರೇಷ್ಮೆ ಬಟ್ಟೆ ಹೊದಿಸಿದ. ಬಟ್ಟೆ ತೆಗೆದರೆ ಕುರ್ಚಿ ಖಾಲಿ! ಗುಟ್ಟು ಇದ್ದದ್ದು ಆ ಪೇಪರಿನಲ್ಲೇ. ಅದರಲ್ಲಿ ಕಾಣದ ಹಾಗೆ ಸೀಳು ಮಾಡಿದ್ದರು. ಅವಳು ಅದರ ಮೂಲಕ ನೆಲದಡಿಗೆ ಇಳಿದುಹೋಗುತ್ತಿದ್ದಳು. ಇಳಿದ ಮೇಲೂ ತೆಳು ತಂತಿಯ ಚೌಕಟ್ಟು ಬಟ್ಟೆಯನ್ನು ಅವಳ ಆಕಾರದಲ್ಲೇ ಎತ್ತಿ ಹಿಡಿದಿರುತ್ತಿತ್ತು. ಅನುಮಾನ ಕಳೆಯಲು ಹಾಸಿದ ಪೇಪರೇ ದಾರಿ ಬಿಡುತ್ತಿತ್ತು. ಎಂಥಾ ತಲೆ ನೋಡಿ!

ಹತ್ತು ವರ್ಷದ ನಂತರ, 1896ರಲ್ಲಿ, ಜಾರ್ಜ್ ಮೆಲಿಯೆಸ್ ಇದನ್ನೇ ಸಿನಿಮಾ ಮಾಡಿದರು. ಅವರು ಸ್ವತಃ ಜಾದೂಗಾರರು. ಪೇಪರ್, ಕುರ್ಚಿ, ಬಟ್ಟೆ ಎಲ್ಲ ಇತ್ತು, ನೆಲದ ಬಾಗಿಲು ಮಾತ್ರ ಬೇಕಾಗಲಿಲ್ಲ. ಕ್ಯಾಮೆರಾ ನಿಲ್ಲಿಸಿದರು, ನಟಿ ಎದ್ದು ಹೋದಳು, ಮತ್ತೆ ಕ್ಯಾಮೆರಾ ತಿರುಗಿತು. ಅಷ್ಟೇ. ಅವಳ ಜಾಗದಲ್ಲಿ ಅಸ್ಥಿಪಂಜರವನ್ನೂ ಕೂರಿಸಿದರು.

ಇನ್ನು 2006ರ 'ದಿ ಇಲ್ಯೂಷನಿಸ್ಟ್' ಸಿನಿಮಾ ನೋಡಿದವರಿಗೆ ಕಿತ್ತಳೆ ಗಿಡ ನೆನಪಿರಬಹುದು. ಬೀಜ ಹಾಕಿದ ಕೂಡಲೇ ಗಿಡ ಬೆಳೆದು ಹಣ್ಣು ಬಿಡುತ್ತದೆ. ಇದಕ್ಕೂ ಮೂಲವಿದೆ. 1840ರ ದಶಕದಲ್ಲಿ ರಾಬರ್ಟ್ ಹೂಡಿನ್ ಎಂಬ ಜಾದೂಗಾರರು ಪ್ಯಾರಿಸ್ಸಿನಲ್ಲಿ ಇಂಥ ಗಿಡ ತೋರಿಸಿದ್ದರು. ಅವರು ಗಡಿಯಾರದ ಕೆಲಸ ಕಲಿತವರು. ಅವರ ಗಿಡ ಬೀಜದಿಂದ ಬೆಳೆಯುತ್ತಿರಲಿಲ್ಲ, ಮೊದಲೇ ನಿಂತಿರುತ್ತಿತ್ತು. ಟೊಳ್ಳು ಕೊಂಬೆಗಳೊಳಗಿಂದ ಯಂತ್ರ ಹೂಗಳನ್ನು ಹೊರಕ್ಕೆ ತಳ್ಳುತ್ತಿತ್ತು. ಎಲೆಗಳ ಮರೆಯಲ್ಲಿ ನಿಜವಾದ ಕಿತ್ತಳೆಗಳು ಇರುತ್ತಿದ್ದವು, ಅವನ್ನು ಜನರಿಗೆ ಹಂಚುತ್ತಿದ್ದರು. ಕೊನೆಯ ಹಣ್ಣು ಬಿರಿದಾಗ ಎರಡು ಯಾಂತ್ರಿಕ ಚಿಟ್ಟೆಗಳು ಮೊದಲೇ ಪ್ರೇಕ್ಷಕರಿಂದ ಪಡೆದಿದ್ದ ಕರವಸ್ತ್ರವನ್ನೇ ಎತ್ತಿ ಹಿಡಿಯುತ್ತಿದ್ದವು.

ಹಾಗಾದರೆ ಸಿನಿಮಾದ ಜಾದೂ ನಿಜವಾಗಿ ಆಗುತ್ತದಾ? ಹಣ್ಣು, ಹೂವು, ಚಿಟ್ಟೆ, ಖಾಲಿ ಕುರ್ಚಿ, ಇಷ್ಟೂ ಆಗುತ್ತದೆ. ಕಣ್ಣೆದುರೇ ಮೊಳಕೆ ಮರವಾಗುವುದು ಮಾತ್ರ ಸಿನಿಮಾ ಸೇರಿಸಿದ್ದು. ನನಗಂತೂ ಆ ಮೊಳಕೆಗಿಂತ ಟೊಳ್ಳು ಕೊಂಬೆಯೇ ಜಾಸ್ತಿ ಇಷ್ಟ. ಅಲ್ಲಿ ತಪ್ಪಾದರೆ ಮತ್ತೊಂದು ಟೇಕ್ ಇಲ್ಲ. ಮುಂದಿನ ಸಾಲಿನಲ್ಲಿ ಕೂತವರ ಕೈಗೆ ಹಣ್ಣು ಬರಲೇಬೇಕು, ಅದು ತಿನ್ನುವ ಹಣ್ಣೇ ಆಗಿರಬೇಕು.

ನಮಸ್ಕಾರ.