ಒಡೆದ ಬಳೆಯ ಚೂರಿನಿಂದ ಬಳೆಯ ಅಳತೆ

[ತೆರೆಯಲ್ಲಿ: ಅಂಗೈ ಮೇಲೆ ಹಸಿರು ಗಾಜಿನ ಬಳೆಯ ಚೂರು]

ಗೌರಿ ಹಬ್ಬಕ್ಕೆ ಅಕ್ಕನಿಗೆ ಬಳೆ ತರಬೇಕು. ಅಂಗಡಿಗೆ ಹೋದರೆ ಮೊದಲ ಪ್ರಶ್ನೆಯೇ, "ಅಳತೆ ಎಷ್ಟು? ಎರಡು-ನಾಲ್ಕಾ, ಎರಡು-ಆರಾ?" ಅಕ್ಕನನ್ನೇ ಕೇಳಿದರೆ ಗುಟ್ಟು ರಟ್ಟು. ಕೈಗೆ ಸಿಕ್ಕಿದ್ದು ಅವಳ ಒಡೆದ ಬಳೆಯ ಈ ಚೂರು. ಸಾಕು ಬಿಡಿ.

ಎರಡು-ನಾಲ್ಕು ಅಂದರೆ ಎರಡು ಇಂಚು, ಜೊತೆಗೆ ಇಂಚನ್ನು ಹದಿನಾರು ಪಾಲು ಮಾಡಿದರೆ ಅದರಲ್ಲಿ ನಾಲ್ಕು ಪಾಲು. ಒಳವ್ಯಾಸ ಸುಮಾರು 57.2 ಮಿ.ಮೀ. ಎರಡು-ಆರು, 60.3. ಬರೀ ಮೂರು ಮಿ.ಮೀ. ವ್ಯತ್ಯಾಸ, ಬಳೆ ಕೈಗೆ ಏರುವುದೂ ಬಿಡುವುದೂ ಅಷ್ಟರಲ್ಲೇ.

[ಕಾಗದದ ಮೇಲೆ ಚೂರು, ಒಳ ಅಂಚಿಗೆ ಪೆನ್ಸಿಲ್]

ಒಳ ಅಂಚನ್ನು ಕಾಗದಕ್ಕೆ ಇಳಿಸಿ. ಹೊರ ಅಂಚು ಬೇಡ, ಗಾಜಿನ ದಪ್ಪ ಸೇರಿಕೊಳ್ಳುತ್ತೆ. ಎರಡು ತುದಿ ಸೇರಿಸಿ ಗೆರೆ ಎಳೆದರೆ ಅದೇ ಜ್ಯಾ: 48 ಮಿ.ಮೀ. ಅದರ ನಟ್ಟನಡುವಿನಿಂದ ಲಂಬವಾಗಿ ಕಂಸ ಮುಟ್ಟುವವರೆಗೆ ಅಳೆದೆ: 13. ಈ ಎತ್ತರಕ್ಕೆ ನಮ್ಮ ಹಳೆಯ ಗಣಿತದಲ್ಲಿ 'ಶರ' ಅಂತ ಹೆಸರು. ಚಿತ್ರ ನೋಡಿ: ಬಾಗಿದ ಬಿಲ್ಲು, ಹೆದೆ, ಹೆದೆಗೆ ಹೂಡಿದ ಬಾಣ. ಜ್ಯಾ ಅಂದರೂ ಹೆದೆ ಅಂತಲೇ ಅರ್ಥ. ಇದನ್ನು ಶಾಲೆಯಲ್ಲೇ ಯಾರಾದರೂ ಹೇಳಿದ್ದರೆ ಆ ಪದಕ್ಕೆ ನಾನು ಅಷ್ಟು ಹೆದರುತ್ತಿರಲಿಲ್ಲ.

ಕೇಂದ್ರ ಎಲ್ಲಿದೆ? ಗೊತ್ತಿಲ್ಲ. ಆದರೆ ಶರದ ಗೆರೆಯನ್ನೇ ಕೆಳಗೆ ಎಳೆಯುತ್ತಾ ಹೋದರೆ ಅದರ ಮೇಲೇ ಸಿಗಬೇಕು. ತ್ರಿಜ್ಯಕ್ಕೆ 'ತ್ರಿ' ಅನ್ನೋಣ. ಶರದ ತುದಿಯಿಂದ ಕೇಂದ್ರಕ್ಕೆ ತ್ರಿ. ಅದರಲ್ಲಿ 13 ಶರದ ಪಾಲು, ಜ್ಯಾದಿಂದ ಕೇಂದ್ರಕ್ಕೆ ಉಳಿದದ್ದು ತ್ರಿ − 13. ಜ್ಯಾದ ತುದಿಯಿಂದ ಕೇಂದ್ರಕ್ಕೂ ತ್ರಿ. ಲಂಬಕೋನ ತ್ರಿಭುಜ ಸಿಕ್ಕಿತಲ್ಲ, ಇನ್ನು ಪೈಥಾಗೊರಸ್:

ತ್ರಿ² = 24² + (ತ್ರಿ − 13)²

ಬಿಡಿಸಿದರೆ ಎರಡೂ ಕಡೆಯ ತ್ರಿ² ಹೊಡೆದುಹೋಗುತ್ತೆ. 26 ತ್ರಿ = 576 + 169 = 745. ತ್ರಿಜ್ಯ 28.65, ವ್ಯಾಸ 57.3. ಎರಡು-ನಾಲ್ಕು!

ಭಾಸ್ಕರಾಚಾರ್ಯರ ಲೀಲಾವತಿಯಲ್ಲಿ, ಅಂದರೆ 1150ರಲ್ಲೇ, ಇದು ಇನ್ನೂ ಚುಟುಕಾಗಿದೆ. ಅರ್ಧ ಜ್ಯಾದ ವರ್ಗವನ್ನು ಶರದಿಂದ ಭಾಗಿಸಿ, ಶರ ಕೂಡಿಸಿ, ವ್ಯಾಸವೇ ಬರುತ್ತೆ. ಅವರ ಲೆಕ್ಕದಲ್ಲಿ ಜ್ಯಾ 6, ಶರ 1. ಒಂಬತ್ತಕ್ಕೆ ಒಂದು ಸೇರಿ ಹತ್ತು. ಬಾಯಲ್ಲೇ ಮುಗೀತು.

ನಾನು ಮೊದಲು ಎಡವಿದ್ದು ಬೇರೆ ಕಡೆ. ಆಗ ಎತ್ತಿಕೊಂಡಿದ್ದು ಪುಟ್ಟ ಚೂರು, ಜ್ಯಾ ಬರೀ 20. ಶರ 2 ಅಂತ ಓದಿದರೆ ವ್ಯಾಸ 52, ಒಂದೂವರೆ ಅಂತ ಓದಿದರೆ 68! ಪೆನ್ಸಿಲ್ ಗೆರೆಯ ದಪ್ಪದಷ್ಟು ತಪ್ಪಿಗೆ ಇಷ್ಟು ಅನಾಹುತ. 48ರ ಚೂರಿನಲ್ಲಿ ಶರ ಹನ್ನೆರಡೂವರೆ ಅಂತ ತಪ್ಪಾಗಿ ಓದಿದರೂ 58.6, ಆಗಲೂ ಹತ್ತಿರ ಇರೋದು ಎರಡು-ನಾಲ್ಕೇ. ಹಾಗಾಗಿ ಕಸದಬುಟ್ಟಿಯಲ್ಲಿ ದೊಡ್ಡ ಚೂರನ್ನೇ ಹುಡುಕಿ. ಬೆರಳು ಜೋಪಾನ.

[ತೆರೆಯಲ್ಲಿ: ಕಾಗದದ ಪೊಟ್ಟಣದಲ್ಲಿ ಒಂದು ಡಜನ್ ಹಸಿರು ಬಳೆ]